ಹವಾಮಾನ ಮುನ್ಸೂಚನೆ ನೋಡಿ ಮೋಡ ಎಷ್ಟು ಎತ್ತರದಲ್ಲಿ ಕಟ್ಟುತ್ತದೆ ಎಂದು ಹೇಳಬಹುದೇ?

ಹೇಳಬಹುದು, ಹತ್ತಿಯ ರಾಶಿಯಂಥ ಹಗಲಿನ ಮೋಡಗಳಿಗೆ ಮಾತ್ರ. ಉಷ್ಣಾಂಶದಿಂದ ಇಬ್ಬನಿ ಬಿಂದು (ಗಾಳಿ ತಣಿದಾಗ ಅದರ ಆವಿ ಹನಿಗಟ್ಟತೊಡಗುವ ಉಷ್ಣಾಂಶ, ಆ್ಯಪ್‌ಗಳಲ್ಲಿ ‘ಡ್ಯೂ ಪಾಯಿಂಟ್’) ಕಳೆದು 125ರಿಂದ ಗುಣಿಸಿ. 32 ಮತ್ತು 22 ಡಿಗ್ರಿ ಇದ್ದರೆ ಮೋಡದ ತಳ ನೆಲದಿಂದ ಸುಮಾರು 1,250 ಮೀಟರ್ ಮೇಲೆ.

ಕಾರಣ ಇಷ್ಟೆ: ಕಾದ ಗಾಳಿ ಮೇಲೇರುತ್ತಾ, ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಾಗ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣಿಯುತ್ತದೆ. ಇಬ್ಬನಿ ಬಿಂದುವೂ 2 ಡಿಗ್ರಿಯಷ್ಟು ಇಳಿಯುವುದರಿಂದ ಎರಡರ ಅಂತರ ಕಿಲೋಮೀಟರಿಗೆ 8 ಡಿಗ್ರಿ, ಅಂದರೆ 125 ಮೀಟರಿಗೆ 1 ಡಿಗ್ರಿ ಕುಗ್ಗುತ್ತದೆ. ಎರಡೂ ಒಂದಾದ ಎತ್ತರದಲ್ಲಿ ಆವಿಯು ಧೂಳು, ಹೊಗೆ, ಉಪ್ಪಿನ ಕಣಗಳ ಮೇಲೆ ಹನಿಗಟ್ಟುತ್ತದೆ. ಮೋಡದ ತಳ ಚಪ್ಪಟೆ ಇರುವುದೂ ಇದಕ್ಕೇ.

ಬೆಳಗಿನ ಅಂಕಿ ಹಾಕಿದರೆ ಲೆಕ್ಕ ತಪ್ಪುತ್ತದೆ, ಮಧ್ಯಾಹ್ನದ್ದನ್ನೇ ತೆಗೆದುಕೊಳ್ಳಿ. ಆಕಾಶವಿಡೀ ಹರಡಿದ ಪದರ ಮೋಡಕ್ಕೂ ಇದು ಹೊಂದುವುದಿಲ್ಲ, ಅದರ ತೇವ ಬೇರೆ ಕಡೆಯಿಂದ ಬಂದಿರುತ್ತದೆ.

ವಾರದ ಮುನ್ಸೂಚನೆಯಲ್ಲಿ ಇಬ್ಬನಿ ಬಿಂದು ದಿನೇ ದಿನೇ ಏರುತ್ತಿದ್ದರೆ ಗಾಳಿಯಲ್ಲಿ ತೇವ ಹೆಚ್ಚುತ್ತಿದೆ ಎಂದರ್ಥ. ಹಾಗಂತ ಮಳೆ ಖಚಿತವಲ್ಲ: 2 ಮಿ.ಮೀ.ನ ಒಂದು ಮಳೆಹನಿಗೆ 0.02 ಮಿ.ಮೀ.ನ ಹತ್ತು ಲಕ್ಷ ಮೋಡದ ಹನಿಗಳು ಕೂಡಬೇಕು. ತೆಳು ಮೋಡದಲ್ಲಿ ಅದಕ್ಕೆ ಸಮಯವೇ ಸಾಲದು.