ಪ್ರೋಬ್ ಯಾರ ಕೈಯಲ್ಲಿತ್ತು?

ಈ ವಾರದ ಪತ್ರಗಳಲ್ಲಿ ವೀರಾಜಪೇಟೆ ಕಡೆಯಿಂದ ಬಂದದ್ದೊಂದನ್ನು ಓದಿದ ಮೇಲೆ ಉಳಿದವನ್ನೆಲ್ಲ ಪಕ್ಕಕ್ಕಿಟ್ಟೆ. ಅಡುಗೆಮನೆ ಬಿಟ್ಟುಕೊಡದ ಅತ್ತೆಯ ವಿಷಯ ಮುಂದಿನ ವಾರದವರೆಗೆ ಕಾಯುತ್ತದೆ. ಇದು ಕಾಯುವಂಥದ್ದಲ್ಲ.

ಬರೆದವರಿಗೆ 34 ವರ್ಷ. ಇಮೇಜಿಂಗ್ ಟೆಕ್ನಾಲಜಿ ಓದಿ, ಮಾಜಿ ಸೈನಿಕರೇ ಹೆಚ್ಚಾಗಿ ಬರುವ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ಕೋಣೆಯಲ್ಲಿ ಟೆಕ್ನಿಷಿಯನ್ ಆಗಿದ್ದಾರೆ. ಪಕ್ಕದ ತೋಟದ ನಿವೃತ್ತ ಸುಬೇದಾರರು, ಇವರು ಚಿಕ್ಕಂದಿನಿಂದ ‘ಮಾವ’ ಎಂದು ಕರೆಯುವವರು, 71 ವರ್ಷ, ಮೂತ್ರದ ತೊಂದರೆಗೆಂದು ಹೊಟ್ಟೆಯ ಸ್ಕ್ಯಾನ್‌ಗೆ ಬಂದರು. ತೆರೆಯ ಮೇಲೆ ಮಹಾಧಮನಿ, ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ, 4.8 ಸೆಂಟಿಮೀಟರ್ ಅಗಲಕ್ಕೆ ಊದಿಕೊಂಡು ಕಂಡಿತು. “ಏನಿದೆ ಮಗಳೇ?” ಎಂದು ಕೇಳಿದವರಿಗೆ ಗಾಬರಿಯಲ್ಲಿ “ಏನೂ ಇಲ್ಲ ಮಾವ” ಎಂದುಬಿಟ್ಟರು. ಮೂತ್ರದ ತೊಂದರೆ ಮಾತ್ರೆಗೇ ಇಳಿಯಿತು. ರಿಪೋರ್ಟಿನ ಲಕೋಟೆಯನ್ನು ಮಾವ ತೆರೆಯದೆ ಪೆನ್ಶನ್ ಕಾಗದಗಳ ಜೊತೆ ಬೀರುವಿಗೆ ಸೇರಿಸಿದರು. ಮೂರು ತಿಂಗಳು ಕಳೆಯಿತು. ಮೊನ್ನೆ ಮದುವೆ ಮನೆಯಲ್ಲಿ ಸಿಕ್ಕವರು ಎಲ್ಲರೆದುರು, “ಇವಳು ಏನೂ ಇಲ್ಲ ಅಂದಮೇಲೆ ನನಗೇನು ಚಿಂತೆ” ಎಂದರಂತೆ. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ಬೆಂಗಳೂರಿನಲ್ಲಿರುವ ಅವರ ಮಗಳಿಗೆ ಫೋನ್ ಮಾಡಿ ಹೇಳಲೇ ಎಂಬುದು ಇವರ ಪ್ರಶ್ನೆ. ಅವ್ವ, “ಬೇರೆಯವರ ಮನೆ ವಿಷಯ ನಿನಗೇಕೆ” ಎನ್ನುತ್ತಾರೆ. ಅಮೆರಿಕದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಮಾಡುವ ಚಿಕ್ಕಮ್ಮನ ಮಗಳು, “ರಿಸಲ್ಟ್ ಹೇಳುವುದು ನಮ್ಮ ಕೆಲಸವಲ್ಲ, ನೀನು ಮಾಡಿದ್ದೇ ಸರಿ” ಎಂದಿದ್ದಾಳೆ.

ಆಡಿದ ಸುಳ್ಳಿನ ಬಗ್ಗೆ ನೀವು ಎರಡು ಪುಟ ಬರೆದಿದ್ದೀರಿ. ನಡುವೆ ಒಂದೇ ಸಾಲು ಹೀಗಿದೆ: “ಅವತ್ತು ಡಾಕ್ಟರು ಇರಲಿಲ್ಲ, ಫೋಟೋ ವಾಟ್ಸಾಪ್ ಮಾಡಿದೆ, ಓಕೆ ಅಂದರು, ಶನಿವಾರ ಬಂದು ಸಹಿ ಹಾಕಿದರು.”

ನಾನು ನಿಂತದ್ದು ಅಲ್ಲಿ. ಪ್ರೋಬ್, ಸ್ಕ್ಯಾನ್ ಮಾಡುವಾಗ ಹೊಟ್ಟೆಯ ಮೇಲೆ ಆಡಿಸುವ ಆ ಸಾಧನ, ನಿಮ್ಮ ಕೈಯಲ್ಲಿತ್ತು ಎಂದಾಯಿತು. ಆ ಕೋಣೆಯಲ್ಲಿ ವೈದ್ಯರು ಯಾರೂ ಇರಲಿಲ್ಲ ಎಂದೂ ಆಯಿತು. ‘ಅವತ್ತು’ ಎಂದು ಬರೆದಿದ್ದೀರಿ, ಆದರೆ ಸಾಲಿನ ಸಲೀಸು ನೋಡಿದರೆ ಇದು ಒಂದು ದಿನದ ಕಥೆಯಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಸ್ಕ್ಯಾನ್ ನಿಮ್ಮದು, ಶನಿವಾರ ಸಹಿ ಅವರದು.

ಎಕ್ಸ್‌ರೇಯನ್ನು ಯಾರೋ ತೆಗೆದು ಇನ್ಯಾರೋ ಓದಬಹುದು, ಸಿ.ಟಿ.ಯನ್ನೂ ಓದಬಹುದು. ಅಲ್ಲಿ ಇಡೀ ಭಾಗ ಚಿತ್ರದಲ್ಲಿ ಕೂತಿರುತ್ತದೆ. ಅಲ್ಟ್ರಾಸೌಂಡ್ ಹಾಗಲ್ಲ. ಫ್ರೀಜ್ ಒತ್ತಿದ ಆ ನಾಲ್ಕೈದು ಚಿತ್ರಗಳಲ್ಲಿ ಇರುವುದು ಕೈ ಆರಿಸಿದ್ದು ಮಾತ್ರ. ಕೈ ತಪ್ಪಿದ್ದನ್ನು ಶನಿವಾರ ಬಂದವರು ಎಲ್ಲಿಂದ ಹುಡುಕುತ್ತಾರೆ? ಅದರಲ್ಲೂ ಮೊಬೈಲಿನಲ್ಲಿ ತೆರೆಯ ಫೋಟೋ ತೆಗೆದು ಕಳಿಸಿದ್ದು. ಅದರಲ್ಲಿ ಕಾಣುವುದು ಅಳತೆಗೆಂದು ನೀವಿಟ್ಟ ಎರಡು ಕ್ಯಾಲಿಪರ್ ಗುರುತು ಮತ್ತು ಒಂದು ಸಂಖ್ಯೆ.

ಆ ಸಂಖ್ಯೆಯನ್ನೇ ನೋಡೋಣ. 4.8 ಎಂದು ನೀವು ಖಡಾಖಂಡಿತವಾಗಿ ಬರೆದಿದ್ದೀರಿ. ನನಗೆ ಅಷ್ಟು ಧೈರ್ಯವಿಲ್ಲ. ಮಹಾಧಮನಿ ಬೆನ್ನುಮೂಳೆಯ ಮುಂದೆ ತುಸು ಎಡಕ್ಕೆ ಇಳಿಯುತ್ತದೆ, ಹೊಕ್ಕುಳಿನ ಹತ್ತಿರ ಎರಡಾಗಿ ಕವಲೊಡೆಯುತ್ತದೆ. ಹೊಟ್ಟೆಯಲ್ಲಿ ಅದರ ಸಹಜ ಅಗಲ ಸುಮಾರು 2 ಸೆಂಟಿಮೀಟರ್, 3 ದಾಟಿದರೆ ಊತ, ಅದು ಬೆಳೆದು ಒಡೆದರೆ ಜೀವಕ್ಕೇ ಅಪಾಯ. ವಯಸ್ಸಾದವರಲ್ಲಿ ಈ ನಾಳ ನೆಟ್ಟಗಿರುವುದಿಲ್ಲ, ಸೊಟ್ಟಗೆ ತಿರುಗಿರುತ್ತದೆ. ಬಿದಿರನ್ನು ಓರೆಯಾಗಿ ಕಡಿದರೆ ಬಾಯಿ ಅಗಲವಾಗಿ ಕಾಣುವಂತೆ, ಪ್ರೋಬ್ ನಾಳಕ್ಕೆ ಅಡ್ಡಡ್ಡ ನೇರವಾಗಿ ನಿಲ್ಲದಿದ್ದರೆ 4.2 ಇದ್ದದ್ದು 4.8 ಆಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯದ್ದು. ಊದಿದ ಭಾಗದ ಒಳಗೋಡೆಗೆ ರಕ್ತ ಹೆಪ್ಪುಗಟ್ಟಿ ಅಂಟಿರುತ್ತದೆ. ಕಲರ್ ಡಾಪ್ಲರ್ ಹಾಕಿದರೆ ರಕ್ತ ಹರಿಯುವ ನಡುಭಾಗಕ್ಕೆ ಮಾತ್ರ ಬಣ್ಣ ಬರುತ್ತದೆ. ಆ ಬಣ್ಣದ ಅಂಚಿಗೆ ಕ್ಯಾಲಿಪರ್ ಇಟ್ಟವರು 5.4 ಇರುವುದನ್ನು ಮೂರೂವರೆ ಎಂದು ಬರೆದ ಉದಾಹರಣೆಗಳು ಈ ವೃತ್ತಿಯಲ್ಲಿ ಹೊಸದಲ್ಲ. ಬಣ್ಣ ತೆಗೆದು, ಮುಂದಿನ ಗೋಡೆಯ ಹೊರ ಅಂಚಿನಿಂದ ಹಿಂದಿನ ಗೋಡೆಯ ಹೊರ ಅಂಚಿಗೆ ಅಳೆಯಬೇಕು. ಅಡ್ಡವಾಗಿ ಅಳೆದದ್ದು ಉದ್ದವಾಗಿ ಹಿಡಿದಾಗಲೂ ತಾಳೆಯಾಗಬೇಕು.

ಇನ್ನು ಸೈನಿಕರ ಹೊಟ್ಟೆ. ಉಸಿರು ಹಿಡಿಯಿರಿ ಎಂದರೆ ಪರೇಡ್ ಮೈದಾನದಲ್ಲಿ ನಿಂತಂತೆ ಹೊಟ್ಟೆ ಬಿಗಿದು, ಬಿಡಿ ಎನ್ನುವವರೆಗೂ ಬಿಡುವುದಿಲ್ಲ. ಬಿಗಿದ ಸ್ನಾಯುವಿನಡಿ ಮಹಾಧಮನಿ ಸರಿಯಾಗಿ ಸಿಗುವುದಿಲ್ಲ. ಮಂಡಿ ಮಡಚಿಸಿ, ಮಾತನಾಡಿಸಿ, ಪ್ರೋಬನ್ನು ನಿಧಾನವಾಗಿ ಒತ್ತುತ್ತ ಕರುಳಿನ ಗ್ಯಾಸ್ ಸರಿಸಿಕೊಂಡು ಹೋಗಬೇಕು. ಅಂದು ಮಾವ ಉಪವಾಸವಿದ್ದರೋ, ಬೆಳಿಗ್ಗೆ ಕಾಫಿ ಕುಡಿದು ಬಂದಿದ್ದರೋ, ನೀವು ಬರೆದಿಲ್ಲ. ಮೂತ್ರದ ತೊಂದರೆಗೆ ಬಂದವರಿಗೆ ನೀರು ಕುಡಿದು ಮೂತ್ರಚೀಲ ತುಂಬಿಸಿಕೊಂಡು ಬನ್ನಿ ಎಂದೇ ಹೇಳಿರುತ್ತಾರೆ. ಮಹಾಧಮನಿಗೆಂದು ಸಿದ್ಧರಾಗಿ ಬಂದವರಲ್ಲ ಅವರು.

ಹೀಗಾಗಿ ಅದು 4.8 ಹೌದೋ ಅಲ್ಲವೋ ಎಂದು ಇವತ್ತು ಆಣೆಯಿಟ್ಟು ಹೇಳಬಲ್ಲವರು ಯಾರೂ ಇಲ್ಲ. ಸಹಿ ಹಾಕಿದವರಂತೂ ಹೇಳಲಾರರು.

ನಿಮ್ಮ ಬಗ್ಗೆ ನನಗೆ ಕನಿಕರವಿದೆ, ಆದರೆ ಅರ್ಧವೇ. ನೀವು ಊತವನ್ನು ಗುರುತಿಸಿದಿರಿ, ಬರೆದಿಟ್ಟಿರಿ. ಮೂತ್ರಕ್ಕೆಂದು ಬಂದವರ ಮಹಾಧಮನಿಯನ್ನೂ ನೋಡುವಷ್ಟು ಶ್ರದ್ಧೆ ಎಲ್ಲರಿಗೂ ಇರುವುದಿಲ್ಲ. ಸಹಿ ಹಾಕಿದ ಡಾಕ್ಟರ ಬಗ್ಗೆ ನನ್ನಲ್ಲಿ ಒಳ್ಳೆಯ ಮಾತಿಲ್ಲ. 71 ವರ್ಷದ, ಸಿಗರೇಟು ಸೇದುವ ಗಂಡಸಿನಲ್ಲಿ ಇಷ್ಟು ದೊಡ್ಡ ಊತ ಕಂಡಾಗ ಓಕೆ ಎಂದು ಟೈಪ್ ಮಾಡಿ ಸುಮ್ಮನಾಗುವುದಲ್ಲ. ಕಳಿಸಿಕೊಟ್ಟ ಡಾಕ್ಟರಿಗೆ ಫೋನ್ ಹೋಗಬೇಕಿತ್ತು.

ಆದರೆ ನನ್ನ ಕೋಪವೆಲ್ಲ ನಿಮ್ಮ ಪತ್ರದ ಮೂಲೆಯಲ್ಲಿ ಸುಳಿದುಹೋಗುವ ಆಫೀಸ್ ಮ್ಯಾನೇಜರ ಮೇಲೆ. “ಗಂಡಸರ ಹೊಟ್ಟೆ ತಾನೇ, ಆ ಕಾನೂನು ಗರ್ಭಿಣಿಯರಿಗೆ ಮಾತ್ರ” ಎಂದು ಅವರು ನಿಮಗೆ ಧೈರ್ಯ ಕೊಟ್ಟರಂತೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯನ್ನು, 2003ರ ತಿದ್ದುಪಡಿಯ ನಂತರ ಪಿಸಿಪಿಎನ್‌ಡಿಟಿ ಎಂದು ಕರೆಯುವುದನ್ನು, ಅವರು ಗೋಡೆಗೆ ತೂಗುಹಾಕಿದ ಬೋರ್ಡಿನಲ್ಲಿ ಮಾತ್ರ ಓದಿರಬೇಕು. ಗರ್ಭಿಣಿಯರಿಗೆ ಮಾತ್ರ ಇರುವುದು ಫಾರಂ ಎಫ್ ಎಂಬ ದಾಖಲೆ ಪತ್ರ. ನೋಂದಣಿ ಇರುವುದು ಯಂತ್ರಕ್ಕೆ ಮತ್ತು ಕೋಣೆಗೆ. ಅಲ್ಲಿ ಯಾರು ಸ್ಕ್ಯಾನ್ ಮಾಡಬಹುದು ಎಂಬುದಕ್ಕೆ ನಿಯಮಗಳಲ್ಲಿ ಅರ್ಹತೆ ಹೇಳಿದೆ, ಅದು ವೈದ್ಯರ ಅರ್ಹತೆ, ಟೆಕ್ನಿಷಿಯನ್ನರದ್ದಲ್ಲ. 23ನೇ ಸೆಕ್ಷನ್ ಮೊದಲ ತಪ್ಪಿಗೆ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಎನ್ನುತ್ತದೆ. ಅದು ಹೆಸರಿಸುವುದು ಮಾಲೀಕರನ್ನು, ವೈದ್ಯರನ್ನು ಮಾತ್ರವಲ್ಲ, ಅಲ್ಲಿ ನೌಕರಿಯಲ್ಲಿದ್ದು ‘ತಾಂತ್ರಿಕ ಸೇವೆ’ ಕೊಡುವವರನ್ನೂ. ಎಂದರೆ ನಿಮ್ಮನ್ನು. ನಾಳೆ ತಪಾಸಣೆಗೆ ಬಂದರೆ ಮ್ಯಾನೇಜರು ತಾನು ಹಾಗೆ ಹೇಳಿಯೇ ಇಲ್ಲ ಎನ್ನುತ್ತಾರೆ. ಅವರು ಅದನ್ನು ಬರೆದುಕೊಟ್ಟಿಲ್ಲವಲ್ಲ. ಕಾಗದದಲ್ಲಿ ಇಲ್ಲದ ಆದೇಶವನ್ನು ಪಾಲಿಸಬೇಡಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ, ಓದುವವರಿಗೆ ಆಗಿರಬಹುದು.

ಚಿಕ್ಕಮ್ಮನ ಮಗಳ ಮಾತು ಅವಳ ಊರಿಗೆ ಸರಿ. ಅಲ್ಲಿ ಸೋನೋಗ್ರಾಫರ್ ಎಂಬುದು ಬೇರೆಯದೇ ಹುದ್ದೆ. ಎ.ಆರ್.ಡಿ.ಎಂ.ಎಸ್. ಎಂಬ ಅಲ್ಲಿನ ಸಂಸ್ಥೆ ನಡೆಸುವ ಪರೀಕ್ಷೆಗಳಲ್ಲಿ ಅಲ್ಟ್ರಾಸೌಂಡ್ ಭೌತಶಾಸ್ತ್ರದ್ದೊಂದು, ಹೊಟ್ಟೆಯದೋ ರಕ್ತನಾಳದ್ದೋ ಇನ್ನೊಂದು ಪಾಸಾದವರು ಸ್ಕ್ಯಾನ್ ಮಾಡುತ್ತಾರೆ. ಯಾವ ಚಿತ್ರಗಳನ್ನು ಯಾವ ಕೋನದಲ್ಲಿ ತೆಗೆಯಬೇಕೆಂಬ ಪಟ್ಟಿ ಇರುತ್ತದೆ, ಓಡುವ ಕ್ಲಿಪ್‌ಗಳನ್ನೂ ಉಳಿಸುತ್ತಾರೆ, ಓದುವುದು ರೇಡಿಯಾಲಜಿಸ್ಟ್. ರೋಗಿಗೆ ಹೇಳುವ ಹೊಣೆ ಅವಳಿಗಿಲ್ಲ, ಏಕೆಂದರೆ ಹೇಳುವ ಇನ್ನೊಬ್ಬರು ಅಲ್ಲಿದ್ದಾರೆ. ನಿಮ್ಮ ಕೋಣೆಯಲ್ಲಿ ಆ ಇನ್ನೊಬ್ಬರೇ ಇಲ್ಲ. ಅವಳ ನಿಯಮದ ಅರ್ಧವನ್ನು ಮಾತ್ರ ತಂದಿಟ್ಟುಕೊಂಡರೆ ಆಗುವುದು ಇದೇ: ಯಾರೂ ಹೇಳಲಿಲ್ಲ. ಅವಳೂ “ಏನೂ ಇಲ್ಲ” ಎನ್ನುವುದಿಲ್ಲ ಎಂಬುದನ್ನು ಗಮನಿಸಿ. “ಚಿತ್ರ ತೆಗೆದಿದ್ದೇನೆ, ಡಾಕ್ಟರು ನೋಡಿ ಹೇಳುತ್ತಾರೆ, ಇಂಥ ದಿನ ಬಂದು ಕೇಳಿ” ಎಂದು ಹೇಳಿ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕಿತ್ತು.

ಮಗಳಿಗೆ ಫೋನ್ ಮಾಡಬೇಡಿ. ಮಾವ ಬುದ್ಧಿ ಸ್ವಾಧೀನದಲ್ಲಿರುವ ಮನುಷ್ಯ, ಅವರ ಹೊಟ್ಟೆಯ ಸುದ್ದಿ ಮೊದಲು ಅವರಿಗೆ. ಅವರೊಪ್ಪಿದರೆ ಮಗಳು ಸ್ಪೀಕರ್ ಫೋನಿನಲ್ಲಿ ಕೇಳಿಸಿಕೊಳ್ಳಲಿ. ಮದುವೆ ಮನೆಯಲ್ಲಿ, ತೋಟದ ಗೇಟಿನಲ್ಲಿ ಹೇಳುವುದೂ ಬೇಡ. ಕೊಡಗಿನಲ್ಲಿ ಒಬ್ಬರಿಗೆ ಹೇಳಿದ್ದು ಊಟದ ಪಂಕ್ತಿ ಮುಗಿಯುವುದರೊಳಗೆ ಮೂರು ಊರಿಗೆ ಗೊತ್ತಾಗುತ್ತದೆ.

ಮಾಡಬೇಕಾದ್ದು ಒಂದೇ. ಬರುವ ಶನಿವಾರ ಡಾಕ್ಟರು ಇರುವ ಹೊತ್ತಿಗೆ ಮಾವನನ್ನು ಆ ಕೋಣೆಗೆ ಕರೆಸಿ. ಪ್ರೋಬ್ ಡಾಕ್ಟರ ಕೈಯಲ್ಲಿರಲಿ. ಅವರೇ ಅಳೆಯಲಿ, ಅವರೇ ಹೇಳಲಿ. ನೀವು ಪಕ್ಕದಲ್ಲಿ ನಿಂತು, “ಮಾವ, ಅವತ್ತು ನಾನು ಏನೂ ಇಲ್ಲ ಅಂದದ್ದು ತಪ್ಪು” ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಸೈನ್ಯದಲ್ಲಿದ್ದವರು ಇಂಥದ್ದನ್ನು ನೀವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತೆಗೆದುಕೊಳ್ಳುತ್ತಾರೆ.

ಡಾಕ್ಟರಿಗೆ ಶುಕ್ರವಾರದೊಳಗೆ ಬರಹದಲ್ಲಿ ಕೊಡಿ, ವಾಟ್ಸಾಪಿನಲ್ಲಲ್ಲ. ರೋಗಿಯ ನೋಂದಣಿ ಸಂಖ್ಯೆ, ಸ್ಕ್ಯಾನ್ ಮಾಡಿದ ದಿನಾಂಕ, ಬಂದ ಅಳತೆ, ಮರು ಪರೀಕ್ಷೆಯ ಕೋರಿಕೆ, ಇಷ್ಟಿದ್ದರೆ ಸಾಕು. ಅದರ ಕೆಳಗೆ ಇನ್ನೊಂದು ಸಾಲು: “ಇನ್ನು ಮುಂದೆ ನಾನು ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವುದಿಲ್ಲ, ವೈದ್ಯರೇ ಮಾಡಬೇಕು.” ಮ್ಯಾನೇಜರಿಗೂ ಒಂದು ಪ್ರತಿ, ನಿಮ್ಮ ಪ್ರತಿಗೆ ಸ್ವೀಕೃತಿ ಸಹಿ. ನಡುವಾರದ ರೋಗಿಗಳನ್ನು ಶನಿವಾರಕ್ಕೆ ಬರೆಯಿರಿ, ತುರ್ತಿನವರನ್ನು ರೇಡಿಯಾಲಜಿಸ್ಟ್ ಇರುವ ಕಡೆಗೆ ಕಳಿಸಲಿ. ಸಾಲು ಉದ್ದವಾಗುತ್ತದೆ, ಗೊಣಗುತ್ತಾರೆ. ಉದ್ದದ ಸಾಲು ಕಂಡಾಗಲೇ ಆಡಳಿತದವರಿಗೆ ಇನ್ನೊಬ್ಬ ಡಾಕ್ಟರ ನೆನಪಾಗುವುದು. ಮೊಬೈಲಿನಲ್ಲಿ ರೋಗಿಗಳ ಚಿತ್ರಗಳಿದ್ದರೆ, ಯಂತ್ರದಲ್ಲಿ ಅವು ಉಳಿದಿವೆ ಎಂದು ಖಾತ್ರಿ ಮಾಡಿಕೊಂಡು, ಮಾವನದ್ದನ್ನು ಶನಿವಾರ ಡಾಕ್ಟರು ನೋಡಿದ ಮೇಲೆ, ಅಳಿಸಿ. ಕೆಲಸ ಹೋದೀತೆಂಬ ಭಯ ನಿಮ್ಮ ಪತ್ರದ ಕೊನೆಯಲ್ಲಿದೆ. ಹೋಗಲೂಬಹುದು. ಆದರೆ ಎಕ್ಸ್‌ರೇ, ಸಿ.ಟಿ. ಎರಡೂ ಬಲ್ಲ ಟೆಕ್ನಿಷಿಯನ್ನರಿಗೆ ಮೈಸೂರು, ಮಂಗಳೂರಿನಲ್ಲಿ ಬಾಗಿಲು ಮುಚ್ಚಿಲ್ಲ. ಕ್ರಿಮಿನಲ್ ಕೇಸು ಇರುವವರಿಗೆ ಮುಚ್ಚುತ್ತದೆ.

ಶನಿವಾರದ ಅಳತೆ ಏನೇ ಬರಲಿ, ಮಾವ ಹೆದರಿ ಮಲಗಬೇಕಿಲ್ಲ. ಗಂಡಸರಲ್ಲಿ ಸಾಮಾನ್ಯವಾಗಿ 5.5 ಮುಟ್ಟಿದಾಗ, ಇಲ್ಲವೇ ಒಂದು ವರ್ಷದಲ್ಲಿ 1 ಸೆಂಟಿಮೀಟರಿಗಿಂತ ಹೆಚ್ಚು ಬೆಳೆದಾಗ ಶಸ್ತ್ರಚಿಕಿತ್ಸೆಯ ಮಾತು. ಅದಕ್ಕಿಂತ ಕಡಿಮೆಯಿದ್ದರೆ ಗಾತ್ರ ನೋಡಿಕೊಂಡು ಮೂರು ತಿಂಗಳಿಂದ ಒಂದು ವರ್ಷದೊಳಗೆ ಮತ್ತೆ ಸ್ಕ್ಯಾನ್, ಬಿಪಿ ಹತೋಟಿ, ಸಿಗರೇಟು ಇವತ್ತಿಗೇ ಬಂದ್. ಆ ರಿಪೋರ್ಟ್ ಹಿಡಿದು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿಗೆ ಹೋಗಿ, ರಕ್ತನಾಳದ ಸರ್ಜನ್ ಇರುವ ಆಸ್ಪತ್ರೆಗೆ ರೆಫರಲ್ ಬರೆಸಿಕೊಳ್ಳಲಿ. ಸಿ.ಟಿ. ಆಂಜಿಯೋ ಬೇಕೆಂದರೆ ಮೊದಲು ರಕ್ತದ ಕ್ರಿಯಾಟಿನಿನ್ ನೋಡಿಸಲಿ, ಕಾಂಟ್ರಾಸ್ಟ್ ಔಷಧ ಮೂತ್ರಪಿಂಡಕ್ಕೆ ಭಾರವಾಗಬಹುದು. ಇದು ಮನೆತನದಲ್ಲಿ ಓಡುವ ಕಾಯಿಲೆಯೂ ಹೌದು, ಅವರಿಗೆ ಅಣ್ಣತಮ್ಮಂದಿರಿದ್ದರೆ ಅವರೂ ಒಮ್ಮೆ ನೋಡಿಸಿಕೊಳ್ಳಲಿ. ಹಠಾತ್ತನೆ ಹೊಟ್ಟೆ ಅಥವಾ ಬೆನ್ನು ಸೀಳುವಂಥ ನೋವು, ತಲೆಸುತ್ತಿ ಬೀಳುವುದು ಬಂದರೆ ಮಾತ್ರ ಪಾಲಿಕ್ಲಿನಿಕ್ಕಿಗಾಗಿ ಕಾಯುವಂತಿಲ್ಲ, ಕೂಡಲೇ 108. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್, ಆ ದಾರಿಯನ್ನು ಆರಾಮವಾಗಿ ಹೋಗಿ ಬರಬಹುದಾದ ಕಾಲ ಈಗಿದೆ.

ಅವ್ವನಿಗೆ ಏನೂ ಹೇಳಬೇಕಾಗಿಲ್ಲ.

ಮಾವನಿಗೆ ಹೇಳಬೇಕಾದ್ದು: ಶುಕ್ರವಾರ ರಾತ್ರಿ ಊಟ ಹಗುರ, ಎಂಟು ಗಂಟೆಯೊಳಗೆ. ಆಮೇಲೆ ಏನೂ ತಿನ್ನುವಂತಿಲ್ಲ, ಸಿಗರೇಟು ಸೇದುವಂತಿಲ್ಲ, ಅದರೊಂದಿಗೆ ಗಾಳಿಯೂ ಹೊಟ್ಟೆಗೆ ಹೋಗುತ್ತದೆ. ಬೆಳಗಿನ ಬಿಪಿ ಮಾತ್ರೆಯನ್ನು ಎರಡು ಗುಟುಕು ನೀರಿನಲ್ಲಿ ನುಂಗಲಿ. ಸಕ್ಕರೆ ಕಾಯಿಲೆಯಿದ್ದರೆ ಆ ಮಾತ್ರೆ ಸ್ಕ್ಯಾನ್ ಮುಗಿದು ತಿಂಡಿಯ ಜೊತೆ, ಹೆಸರು ಪಟ್ಟಿಯಲ್ಲಿ ಮೊದಲು. ಬೀರುವಿನ ಲಕೋಟೆಯನ್ನು ಮರೆಯದೆ ತರಲಿ, ಕಾಫಿ ಆಮೇಲೆ.