ಪಿಎಚ್‌ಡಿ ಮುಗೀತು, ಸ್ಟೈಪೆಂಡೂ ಮುಗೀತು

ಇವರನ್ನು ಸುಮಾ ಎಂದು ಕರೆಯೋಣ. ಹೆಸರು ಮತ್ತು ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ವಯಸ್ಸು ಮೂವತ್ತರ ಆಸುಪಾಸು, ಊರು ಮಧ್ಯ ಕರ್ನಾಟಕದ ಒಂದು ತಾಲ್ಲೂಕು. ಬೆಂಗಳೂರಿನಲ್ಲಿ ಎಂ.ಎ. ಓದುವಾಗಲೇ ಜರ್ಮನ್ ಕಲಿತು, ಆಮೇಲೆ ಬರ್ಲಿನ್‌ಗೆ ಹೋಗಿ ಇತಿಹಾಸದಲ್ಲಿ ಪಿಎಚ್‌ಡಿ ಮುಗಿಸಿದವರು. ವಿಷಯ 19ನೇ ಶತಮಾನದ ಪ್ರಷ್ಯಾದ, ಅಂದರೆ ಬರ್ಲಿನ್ ರಾಜಧಾನಿಯಾಗಿದ್ದ ಹಳೆಯ ಜರ್ಮನ್ ರಾಜ್ಯದ, ಆಡಳಿತ. ರಾಜರು, ಯುದ್ಧ ಅಲ್ಲ. ಕಚೇರಿ, ಕಡತ, ನೇಮಕ, ಬಡ್ತಿ. ಅಪ್ಪ ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಊಟದ ಹೊತ್ತಿಗೆ ಪಹಣಿ, ಖಾತೆ ಬದಲಾವಣೆ ಅಂತ ಮಾತು ಕೇಳಿಕೊಂಡು ಬೆಳೆದ ಹುಡುಗಿಗೆ ಈ ವಿಷಯ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ನಾನು ಆಪ್ತಸಲಹೆಗಾರ್ತಿ. ನಿದ್ದೆ ಬರ್ತಿಲ್ಲ ಎಂದು ಸುಮಾ ವಿಡಿಯೊ ಕಾಲ್‌ನಲ್ಲಿ ನನ್ನ ಬಳಿ ಬಂದರು. ಎರಡನೇ ಭೇಟಿಯಲ್ಲಿ ಉಳಿದದ್ದು ಹೊರಬಂತು. ಸ್ಟೈಪೆಂಡ್ ನಿಂತು ಕೆಲವು ತಿಂಗಳಾಗಿದೆ. ಉಳಿತಾಯ ಕರಗುತ್ತಿದೆ. ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಗೆ, ಹಾಕಿದ ಅರ್ಜಿಗಳೆಲ್ಲ ವಾಪಸ್. ಮನೆಯಲ್ಲಿ ಹೇಳಿಲ್ಲ. ಗೈಡ್ ಕೇಳಿದರೆ "ಚೆನ್ನಾಗಿದೀನಿ" ಅನ್ನುತ್ತಾರೆ.

"ನನ್ನ ವಿಷಯ ಯಾರಿಗೂ ಬೇಡ ಮೇಡಂ. ಅಥವಾ ನಾನೇ ಸುಮಾರು."

ಧೈರ್ಯ ಹೇಳೋಕೆ ಹೋಗಲಿಲ್ಲ. ಇಂಥವರಿಗೆ ಧೈರ್ಯದ ಮಾತು ಬೇಕಾದಷ್ಟು ಸಿಕ್ಕಿರುತ್ತದೆ. ಬಂದ ಉತ್ತರಗಳನ್ನೆಲ್ಲ ತೆಗೆದು ಒಂದೊಂದಾಗಿ ಜೋರಾಗಿ ಓದಿ ಎಂದೆ. ಅಳು ಬಂದರೆ ಅತ್ತು ಮತ್ತೆ ಓದಿ ಎಂದೆ.

ಓದುತ್ತಾ ಒಂದು ಸಂಗತಿ ಬಯಲಾಯಿತು. ಅವರನ್ನು ಎಲ್ಲಕ್ಕಿಂತ ಜಾಸ್ತಿ ಕುಗ್ಗಿಸಿದ್ದು ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್. ಅದಕ್ಕೊಂದು ನಿಯಮ ಇದೆ: ಯಾವ ದೇಶದಲ್ಲಿ ಸಂಶೋಧನೆ ಮಾಡಬೇಕೆಂದಿದ್ದೀರೋ ಆ ದೇಶದಲ್ಲಿ, ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಸುಮಾ ಬರ್ಲಿನ್‌ನಲ್ಲೇ ಇದ್ದು ಜರ್ಮನಿಯದೇ ಸಂಸ್ಥೆಯ ಹೆಸರಲ್ಲಿ ಅರ್ಜಿ ಹಾಕಿದ್ದರು. ಅರ್ಹತೆಯ ಹಂತದಲ್ಲೇ ಅದು ಹೊರಗೆ. ಅವರ ಪ್ರಸ್ತಾವವನ್ನು ತಜ್ಞರು ಯಾರೂ ಓದಿಯೇ ಇರಲಿಲ್ಲ! ಹಂಬೋಲ್ಟ್ ಫೆಲೋಶಿಪ್ ಕಥೆಯೂ ಹೆಚ್ಚುಕಡಿಮೆ ಅದೇ. ಅದು ಹೊರದೇಶದಿಂದ ಜರ್ಮನಿಗೆ ಬರುವವರಿಗೆ, ವರ್ಷಗಟ್ಟಲೆ ಅಲ್ಲೇ ಇದ್ದವರಿಗಲ್ಲ. ಉಳಿದವು ನಿಜವಾದ ತಿರಸ್ಕಾರಗಳೇ, ಅದನ್ನು ಮುಚ್ಚಿಡಲಿಲ್ಲ. ಆದರೆ ಮೇರಿ ಕ್ಯೂರಿಯಂಥ ಕಡೆ ಅರ್ಹರಾದವರಲ್ಲೂ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಇಲ್ಲ ಅಂತಲೇ ಉತ್ತರ ಬರುವುದು.

"ಅಂದ್ರೆ ನಾನು ನಿಯಮ ಓದೋಕೂ ಬರದ ದಡ್ಡಿ" ಎಂದರು. ಬುದ್ಧಿವಂತರ ಮನಸ್ಸು ತನ್ನನ್ನೇ ಬೈಯಲು ಹೊಸ ದಾರಿ ಹುಡುಕುವ ವೇಗ ನನಗೆ ಯಾವತ್ತೂ ಬೆರಗು.

ಆಗ ಮಾತನ್ನು ಅವರ ಪ್ರಬಂಧದ ಕಡೆಗೆ ತಿರುಗಿಸಿದೆ. ಪ್ರಷ್ಯಾದಲ್ಲಿ ದೊಡ್ಡ ಹುದ್ದೆಗೆ ಹೋಗೋದು ಹೇಗಿತ್ತು ಅಂತ ಕೇಳಿದೆ. ಮೊದಲ ಸಲ ಅವರ ದನಿಯಲ್ಲಿ ಜೀವ ಬಂತು. ಕಾನೂನು ಓದಬೇಕು, ಪರೀಕ್ಷೆ ಪಾಸಾಗಬೇಕು. ಆಮೇಲೆ ರೆಫರೆಂಡಾರ್ (ತರಬೇತಿಯಲ್ಲಿರುವವರು) ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದ ದುಡಿಮೆ. ಮುಂದೆ ತರಬೇತಿ ಮುಗಿಸಿ ಅಸೆಸರ್ ಆದ ಮೇಲೂ ಸಂಬಳದ ಜಾಗಕ್ಕೆ ಕಾಯಬೇಕು. ಅಷ್ಟು ವರ್ಷ ಮಗನನ್ನು ಸಾಕುವ ಶಕ್ತಿ ಮನೆಗಿದೆ ಎಂದು ಪುರಾವೆಯನ್ನೂ ಕೊಡಬೇಕು. ಒಮ್ಮೆ ಒಳಗೆ ಹೋದರೆ ಮಾತ್ರ ಭದ್ರ. 1794ರ ಪ್ರಷ್ಯಾದ ಕಾನೂನು ಸಂಹಿತೆಯ ಪ್ರಕಾರ ಅಧಿಕಾರಿಯನ್ನು ಮನಸ್ಸಿಗೆ ಬಂದಂತೆ ಕಿತ್ತುಹಾಕುವ ಹಾಗಿರಲಿಲ್ಲ.

"ಮಧ್ಯದಲ್ಲೇ ಬಿಟ್ಟು ಹೋದವರ ಬಗ್ಗೆ ಏನು ಬರೆದಿದ್ದೀರಿ? ಅವರೇ ಸುಮಾರು, ಅದಕ್ಕೇ ಬಿಟ್ಟರು ಅಂತಲಾ?"

"ಛೆ, ಇಲ್ಲ. ಮನೇಲಿ ದುಡ್ಡಿಲ್ಲದವರು ಕಾಯೋಕಾಗದೆ ಹೋದರು ಅಂತ ಬರೆದಿದೀನಿ. ಕಡತದಲ್ಲೇ ಇದೆ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ನಾನು ಏನೂ ಸೇರಿಸಲಿಲ್ಲ. ಮುಂದಿನ ವಾರ ಅವರೇ ಉಳಿತಾಯದ ಲೆಕ್ಕ ಹಿಡಿದುಕೊಂಡು ಬಂದರು.

ಇಲ್ಲಿಂದ ಮುಂದೆ ಕೊಟ್ಟ ಸಲಹೆಗಳು ಬಹುಪಾಲು ದುಡ್ಡಿನವು. ಆಪ್ತಸಲಹೆಗಾರರು ದುಡ್ಡಿನ ಮಾತಾಡಬಾರದು ಎಂದು ಕೆಲವು ಸಹೋದ್ಯೋಗಿಗಳು ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಬಾಡಿಗೆ ಕಟ್ಟೋದು ಹೇಗೆ ಅಂತ ಗೊತ್ತಿಲ್ಲದವರಿಗೆ ಉಸಿರಾಟದ ವ್ಯಾಯಾಮ ಎಷ್ಟು ಕಲಿಸ್ತೀರಿ?

ಜರ್ಮನಿಯಲ್ಲಿ ಸ್ಟೈಪೆಂಡ್ ಬೇರೆ, ಹುದ್ದೆ ಬೇರೆ. ಸ್ಟೈಪೆಂಡ್ ಅಂದರೆ ಕೈಗೆ ಹಣ ಬರುತ್ತದೆ, ಆದರೆ ಪಿಂಚಣಿಗೂ ನಿರುದ್ಯೋಗ ವಿಮೆಗೂ ಕಂತು ಹೋಗುವುದಿಲ್ಲ. ಆರೋಗ್ಯ ವಿಮೆಯನ್ನು ನಾವೇ ನೋಡಿಕೊಳ್ಳಬೇಕು. ಸುಮಾ ಮೊದಲ ಮೂರು ವರ್ಷ ವಿಶ್ವವಿದ್ಯಾಲಯದಲ್ಲಿ ಅರೆಕಾಲಿಕ ಹುದ್ದೆಯಲ್ಲಿದ್ದರು, ಕೊನೆಯ ವರ್ಷ ಮಾತ್ರ ಸ್ಟೈಪೆಂಡ್. ಹಾಗಾಗಿ ನಿರುದ್ಯೋಗ ಭತ್ಯೆ ತನಗಿಲ್ಲ ಅಂತ ತಾವೇ ತೀರ್ಮಾನಿಸಿಬಿಟ್ಟಿದ್ದರು. ಆದರೆ ನಿಯಮ ಕೇಳುವುದು ಹಿಂದಿನ 30 ತಿಂಗಳಲ್ಲಿ 12 ತಿಂಗಳ ಕಂತು. "ಇವತ್ತೇ ಅಲ್ಲಿನ ಉದ್ಯೋಗ ಕಚೇರಿಗೆ ಕೇಳಿ, ನನ್ನ ಮಾತು ನಂಬಬೇಡಿ" ಎಂದೆ. ಕೇಳಿದರು. ಇನ್ನೂ ಅವಕಾಶ ಇತ್ತು; ತಡ ಮಾಡಿದ್ದರೆ ಕೈತಪ್ಪುತ್ತಿತ್ತು. ಮಕ್ಕಳಿಲ್ಲದವರಿಗೆ ಹಿಂದಿನ ನಿವ್ವಳ ಸಂಬಳದ ಸುಮಾರು ಶೇಕಡಾ 60 ಸಿಗುತ್ತದೆ. ಅರೆಕಾಲಿಕ ಹುದ್ದೆಯ ಸಂಬಳದಲ್ಲಿ ಅದು ದೊಡ್ಡ ಮೊತ್ತವಲ್ಲ, ಆದರೆ ಬಾಡಿಗೆ ಹೋಗುತ್ತದೆ. ದಾನ ತಗೊಂಡ ಹಾಗೆ ನಾಚಿಕೆ ಪಟ್ಟರು. ನಿಮ್ಮ ಸಂಬಳದಿಂದ ಕಟ್ಟಿದ ವಿಮೆ ಅದು ಅಲ್ವಾ ಎಂದೆ.

ಅರ್ಜಿಗಳ ಬಗ್ಗೆ ನನಗೆ ತಜ್ಞತೆ ಇಲ್ಲ. ಪ್ರಶ್ನೆ ಕೇಳೋದಷ್ಟೇ ನನ್ನ ಕೆಲಸ. ಆಡಳಿತದ ಇತಿಹಾಸ ಅಂದರೆ ಮೂಗು ಮುರಿಯದ ಜಾಗ ಯಾವುದು? ತಡವರಿಸದೆ ಹೇಳಿದರು: ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಕಾನೂನು ಇತಿಹಾಸ ಸಂಸ್ಥೆ, ಶ್ಪಾಯರ್‌ನ ಆಡಳಿತ ವಿಜ್ಞಾನ ವಿಶ್ವವಿದ್ಯಾಲಯ, ಇಟಲಿಯ ಫ್ಲಾರೆನ್ಸ್‌ನ ಯುರೋಪಿಯನ್ ಯೂನಿವರ್ಸಿಟಿ ಇನ್‌ಸ್ಟಿಟ್ಯೂಟ್. ಯಾರಿಗಾದರೂ ಪತ್ರ ಬರೆದಿದ್ದೀರಾ? ಒಬ್ಬರಿಗೂ ಇಲ್ಲ. ಎಲ್ಲ ಅರ್ಜಿಯನ್ನೂ ಒಬ್ಬರೇ ಕೋಣೆಯಲ್ಲಿ ಕೂತು ಬರೆದದ್ದು, ಬೇರೆಯವರ ಕಣ್ಣಿಗೆ ಬೀಳದಂತೆ ಕಳಿಸಿದ್ದು.

ಹಾಗಾಗಿ ಮೊದಲ ಕೆಲಸ ಗೈಡ್‌ಗೆ ನಿಜ ಹೇಳುವುದು. ಏನು ಹೇಳಬೇಕು ಅಂತ ಭೇಟಿಯಲ್ಲೇ ಕೂತು ಬರೆದೆವು. ನಾಲ್ಕು ಸಾಲು, ಕ್ಷಮೆ ಕೇಳುವ ಪದ ಇಲ್ಲದೆ. ಗೈಡ್ ಬೈಯಲಿಲ್ಲ, ಬದಲಿಗೆ ದಾರಿ ತೋರಿಸಿದರು. ಜರ್ಮನ್ ಸಂಶೋಧನಾ ಪ್ರತಿಷ್ಠಾನದ ವಾಲ್ಟರ್ ಬೆಂಜಮಿನ್ ಯೋಜನೆಗೆ ಕೊನೆಯ ದಿನಾಂಕವಿಲ್ಲ, ಯಾವಾಗ ಬೇಕಾದರೂ ಹಾಕಬಹುದು. ಜರ್ಮನಿಯೊಳಗೆ ಅದು ಹುದ್ದೆಯ ರೂಪದಲ್ಲೇ ಸಿಗುತ್ತದೆ. ಡ್ಯೂಸೆಲ್‌ಡಾರ್ಫ್‌ನ ಗೆರ್ಡಾ ಹೆಂಕೆಲ್ ಪ್ರತಿಷ್ಠಾನ ಹೆಚ್ಚಾಗಿ ಇತಿಹಾಸದವರಿಗೆ ಹಣ ಕೊಡುತ್ತದೆ, ಯಾವ ದೇಶದವರು ಅಂತ ನೋಡುವುದಿಲ್ಲ. ಫ್ಲಾರೆನ್ಸ್‌ನ ಮ್ಯಾಕ್ಸ್ ವೇಬರ್ ಫೆಲೋಶಿಪ್ ಪಿಎಚ್‌ಡಿಯಾದ ಐದು ವರ್ಷದೊಳಗಿನವರಿಗೆ. ಮೇರಿ ಕ್ಯೂರಿಗೆ ಇನ್ನೂ ಸಮಯವಿದೆ, ಪಿಎಚ್‌ಡಿಯಾದ ಎಂಟು ವರ್ಷದವರೆಗೆ ಹಾಕಬಹುದು. ಈ ಸಲ ವಿಯೆನ್ನಾ ಅಥವಾ ನೆದರ್‌ಲೆಂಡ್ಸ್‌ನ ಸಂಸ್ಥೆಯ ಮೂಲಕ.

ಇನ್ನೊಂದು ಸಲಹೆ ಸುಮಾಗೆ ಇಷ್ಟವಾಗಲಿಲ್ಲ. ಪೋಸ್ಟ್‌ಡಾಕ್ ಹುಡುಕಾಟ ನಿಲ್ಲಿಸುವ ದಿನ ಒಂದನ್ನು ಈಗಲೇ ಬರೆದಿಡಿ ಎಂದೆ. ಜರ್ಮನಿಯಲ್ಲಿ ಪದವಿ ಮುಗಿಸಿದ ನಮ್ಮಂಥವರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ಅಲ್ಲಿ ಉಳಿಯಲು ಪರವಾನಗಿ ಸಿಗುತ್ತದೆ. ಅದು ಮುಗಿಯುವ ವಾರ ತೀರ್ಮಾನ ಮಾಡಿದರೆ ಅದು ಹೆದರಿಕೆಯ ತೀರ್ಮಾನ. ತುಂಬ ಮೊದಲೇ ಒಂದು ದಿನ ಇಟ್ಟುಕೊಂಡರೆ, ಆರ್ಕೈವ್ (ಹಳೆಯ ದಾಖಲೆಗಳ ಸಂಗ್ರಹ) ಕೆಲಸವೋ, ಊರಿಗೆ ಬಂದು ಪಾಠ ಮಾಡೋದೋ, ಯಾವುದಕ್ಕೂ ತಯಾರಿ ಮಾಡಬಹುದು. "ಅಂದ್ರೆ ಸೋಲ್ತೀನಿ ಅಂತ ಈಗ್ಲೇ ಒಪ್ಕೋಬೇಕಾ?" ಎಂದು ಸಿಟ್ಟಾದರು. ಒತ್ತಾಯ ಮಾಡಲಿಲ್ಲ. ಕೆಲವು ವಾರದ ನಂತರ ದಿನಾಂಕ ತಿಳಿಸಿದರು. ನಿದ್ದೆ ಸ್ವಲ್ಪ ಸುಧಾರಿಸಿದ್ದು ಆಮೇಲೆಯೇ.

ಅಪ್ಪನಿಗೆ ಹೇಳೋಕೆ ಎಲ್ಲಕ್ಕಿಂತ ತಡವಾಯಿತು. ಊರಲ್ಲಿ "ಮಗಳು ಜರ್ಮನಿಯಲ್ಲಿ ಡಾಕ್ಟರ್" ಅಂತ ಎಲ್ಲರಿಗೂ ಹೇಳಿಕೊಂಡಿರುವ ಅಪ್ಪ. ಭಾನುವಾರದ ಫೋನಿನಲ್ಲಿ, ಅಮ್ಮ ಪಕ್ಕದಲ್ಲಿರುವಾಗಲೇ ಹೇಳಿದರಂತೆ. ಅಪ್ಪ ಕೇಳಿದ ಮೊದಲ ಪ್ರಶ್ನೆ, "ಈ ಹೊಸದು ಸಿಕ್ರೆ ಪೆನ್ಶನ್ ಇದೆಯೇನಮ್ಮ?" ಎರಡನೆಯದು, "ದುಡ್ಡು ಕಳಿಸ್ಲಾ?" ಬೇಡ ಎಂದು ಸುಮಾ ಹೇಳಿದರು. ಆದರೆ ಆ ರಾತ್ರಿ ತುಂಬಾ ಅತ್ತರಂತೆ.

ಈಗ ತಿಂಗಳಿಗೊಮ್ಮೆ ಮಾತಾಡುತ್ತೇವೆ. ವಾಲ್ಟರ್ ಬೆಂಜಮಿನ್ ಅರ್ಜಿ ಹೋಗಿದೆ, ಗೈಡ್ ಮತ್ತು ಫ್ರಾಂಕ್‌ಫರ್ಟ್‌ನ ಒಬ್ಬರು ಓದಿ ತಿದ್ದಿದ ಮೇಲೆ. ಉತ್ತರ ಬಂದಿಲ್ಲ. ಈ ಮಧ್ಯೆ ಹಿಂದೆ ಜರ್ಮನ್ ಬರೆಯಲು ಬಳಸುತ್ತಿದ್ದ ಕುರೆಂಟ್ ಎಂಬ ಕೈಬರಹ ಓದಬಲ್ಲವರು ಅಲ್ಲೂ ಕಡಿಮೆ ಎಂದು ತಿಳಿದು, ಉದ್ಯೋಗ ಕಚೇರಿಗೆ ಹೇಳಿಯೇ, ಮನೆತನಗಳ ಹಳೆಯ ಪತ್ರಗಳನ್ನು ಓದಿಕೊಡುವ ಸಣ್ಣ ಕೆಲಸ ಹಿಡಿದಿದ್ದಾರೆ. ಪುಟಕ್ಕಿಷ್ಟು ಎಂದು ದರ. ಮೊದಮೊದಲು ಕಡಿಮೆ ಕೇಳುತ್ತಿದ್ದರು, ಈಚೆಗೆ ಜಾಸ್ತಿ ಮಾಡಿದ್ದಾರೆ.