ಚಿತ್ರ ನೋಡಿ ಆಕೆ ಹೇಳಿದ್ದು

ಹೊಳಲ್ಕೆರೆಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಅದಿರು ಒಡೆಯುವ ಹೆಂಗಸರ ಎಂಟು ಹಳೆಯ ಛಾಯಾಚಿತ್ರ ಹಾಕಿ ಅಧ್ಯಯನ ಎಂದು ಕರೆದಿದ್ದೀರಿ. ಕೂಲಿಯ ಲೆಕ್ಕವೇ ಇಲ್ಲ. ಬಡವರ ಮುಖ ಅಚ್ಚು ಹಾಕಿದರೆ ಅಧ್ಯಯನವಾಗುತ್ತದೆಯೇ?"

ಆಗುವುದಿಲ್ಲ. ಚಿತ್ರಗಳ ಜೊತೆ ಅವರ ಮಾತೂ ಇರಬೇಕಿತ್ತು. ಅದನ್ನು ಕೇಳದೆ ಅಚ್ಚಿಗೆ ಕಳಿಸಿದವನು ನಾನೇ.

ಆದರೆ ಚಿತ್ರದಿಂದ ಏನೂ ತಿಳಿಯದು ಎಂಬುದನ್ನು ಒಪ್ಪಲಾರೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿದಾಗ ಟನ್ನುಗಳ ಲೆಕ್ಕ, ಲಾರಿಗಳ ಲೆಕ್ಕ ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ನಮ್ಮ ಚಿತ್ರಗಳಲ್ಲಿರುವ ಹೆಂಗಸರ ಹೆಸರು ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಅವರು ಅಲ್ಲಿ ದುಡಿದದ್ದಕ್ಕೆ ನಮ್ಮ ಬಳಿ ಇರುವ ಗುರುತು ಈ ಎಂಟು ಚಿತ್ರಗಳೇ.

ನಿಮ್ಮ ಪತ್ರ ಬಂದ ಮೇಲೆ ಸಂಚಿಕೆ ಹಿಡಿದುಕೊಂಡು ಅವರಲ್ಲೊಬ್ಬರ ಮನೆಗೆ ಹೋದೆ. ಆಕೆ ತಮ್ಮ ಮುಖ ನೋಡಲೇ ಇಲ್ಲ. ಚಿತ್ರದಲ್ಲಿನ ಎಡಗೈಯ ತೋರುಬೆರಳಿನ ಮೇಲೆ ಬೆರಳಿಟ್ಟು, "ಇದು ಸೈಕಲ್ ಟ್ಯೂಬು" ಎಂದರು. ನಾವು ಕಪ್ಪು ಬಟ್ಟೆ ಎಂದುಕೊಂಡಿದ್ದೆವು. ಸುತ್ತಿಗೆ ಏಟು ತಪ್ಪಿದರೆ ಬೆರಳು ಜಜ್ಜದಿರಲೆಂದು ಹಳೆಯ ಟ್ಯೂಬನ್ನು ಕತ್ತರಿಸಿ ಉಂಗುರದಂತೆ ತೊಡುತ್ತಿದ್ದರಂತೆ. ಆಮೇಲೆ ಚಿತ್ರದ ಮೂಲೆಗೆ ಬಂದರು. ಅಲ್ಲೊಂದು ತುಕ್ಕು ಹಿಡಿದ, ತಳವಿಲ್ಲದ ಪೆಟ್ಟಿಗೆ. ಗುಜರಿ ಎಂದು ನಾವು ಕಡೆಗಣಿಸಿದ್ದು. ಅದೇ ಅಳತೆ. ಪೆಟ್ಟಿಗೆಗೆ ಇಷ್ಟು ಎಂದು ಕೂಲಿ. ಗುತ್ತಿಗೆದಾರನ ಕಡೆಯವರು ಗೋಪುರದಂತೆ ತುಂಬಿಸಿಕೊಂಡು ಒಂದೇ ಪೆಟ್ಟಿಗೆ ಎಂದು ಬರೆಯುತ್ತಿದ್ದರು. ನೀವು ಕೇಳಿದ ಕೂಲಿಯ ಲೆಕ್ಕ ಚಿತ್ರದಲ್ಲೇ ಇತ್ತು, ಓದಲು ನಮಗೆ ಬರಲಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಜಾನ್ ಕಾಲಿಯರ್ 1957ರಲ್ಲೇ ಈ ವಿಧಾನದ ಬಗ್ಗೆ ಬರೆದರು: ಚಿತ್ರ ಮುಂದಿಟ್ಟು ಮಾತನಾಡಿಸಿದರೆ ಜನ ಹೆಚ್ಚು ಖಚಿತವಾಗಿ ಮಾತನಾಡುತ್ತಾರೆ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಇಂಗ್ಲೆಂಡಿನ ಆರ್ಥರ್ ಮನ್ಬಿ, ವಿಗನ್ ಊರಿನ ಕಲ್ಲಿದ್ದಲು ಗಣಿಗಳ ಹೆಂಗಸರ ಚಿತ್ರಗಳನ್ನು ಕೂಡಿಟ್ಟರು. 1842ರ ಕಾಯ್ದೆ ಹೆಂಗಸರನ್ನು ಗಣಿಯೊಳಗಿನ ಕೆಲಸದಿಂದ ಬಿಡಿಸಿತ್ತು. ಇವರು ಗಣಿಬಾಯಿಯ ಮೇಲೆ ದುಡಿಯುತ್ತಿದ್ದವರು. ಹಲವು ಚಿತ್ರಗಳು ಸ್ಟುಡಿಯೋದಲ್ಲಿ ಸಲಿಕೆ, ಜರಡಿ ಹಿಡಿಸಿ ನಿಲ್ಲಿಸಿ ತೆಗೆದವು. ಆದರೂ ಅವು ಬೆಲೆಯುಳ್ಳವು, ಏಕೆಂದರೆ ಮನ್ಬಿ ಆ ಹೆಂಗಸರೊಡನೆ ಆಡಿದ ಮಾತನ್ನೂ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ.

ಮುಂದಿನ ಸಂಚಿಕೆಯಲ್ಲಿ ಅವೇ ಚಿತ್ರಗಳು ಆ ಹೆಂಗಸರ ಮಾತಿನೊಡನೆ ಮತ್ತೆ ಬರುತ್ತವೆ. ಈ ಸಲ ಏಳೇ. ಎಂಟನೆಯದನ್ನು ಆಕೆ ಬೇಡವೆಂದರು. ಅದರಲ್ಲಿ ಅವರ ಪಕ್ಕ ಕುಳಿತ ಗೆಳತಿ ಈಗಿಲ್ಲ, ಆ ಮನೆಯವರನ್ನು ನಾವು ಕೇಳಿರಲಿಲ್ಲ.

– ಸಂಪಾದಕ